ಏಳು ಕಡೆ ಬಂದ ಸುದ್ದಿ, ಹೇಳಿದವರು ಎಷ್ಟು ಜನ?

ತಾರಿಹಾಳ_ಟರ್ನರ್

ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಮುಕ್ಕಾಲು ಪಾಲು ಕೆಲಸ ಒಂದೇ ಕಂಪನಿಗೆ ಹೋಗುತ್ತದೆ. ಹೆಸರು ಬೇಡ, ಷೇರು ಪೇಟೆಯಲ್ಲಿ ಲಿಸ್ಟ್ ಆಗಿರುವ ಕಂಪನಿ ಅಂತ ಮಾತ್ರ ಇಟ್ಕೊಳ್ಳಿ. ಹೋದ ವಾರದಿಂದ ಒಂದೇ ಸುದ್ದಿ ಓಡಾಡುತ್ತಿದೆ. ಪ್ರವರ್ತಕರ (ಅಂದರೆ ಕಂಪನಿಯ ಹಿಡಿತ ಇರುವ ಮಾಲೀಕ ಕುಟುಂಬದ) ದೊಡ್ಡ ಪಾಲನ್ನು ಹೊರಗಿನ ಒಂದು ಗುಂಪು ಕೊಳ್ಳುತ್ತಿದೆಯಂತೆ, ಮಾತುಕತೆ ಕೊನೆ ಹಂತದಲ್ಲಿದೆಯಂತೆ, ಹೊಸಬರು ಬಂದರೆ ಇಲ್ಲಿನ ಉತ್ಪಾದನೆ ದುಪ್ಪಟ್ಟಾಗುತ್ತದಂತೆ.

ನಾನು ಒಂದು ವಿಎಂಸಿ ಮೆಷಿನ್‌ಗೆ (ಲೋಹ ಕೊರೆಯುವ ಕಂಪ್ಯೂಟರ್ ಮೆಷಿನ್) ಕೊಟೇಶನ್ ತರಿಸಿ ಇಟ್ಕೊಂಡಿದ್ದೇನೆ. ಬ್ಯಾಂಕಿನವರೂ ಸಾಲ ಕೊಡಲು ತಯಾರಿದ್ದಾರೆ. ಡೀಲ್ ಆದರೆ ಆ ಮೆಷಿನ್ ಇಲ್ಲದೆ ನಡೆಯುವುದಿಲ್ಲ, ಆಗದಿದ್ದರೆ ಕಂತು ನನ್ನ ತಲೆಗೆ.

ನಮ್ಮ ಇಂಡಸ್ಟ್ರಿಯಲ್ ಎಸ್ಟೇಟ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದರ ಬಗ್ಗೆ ಏಳು ಲಿಂಕ್ ಬಂದಿವೆ. ಇಂಗ್ಲಿಷ್ ಸೈಟು, ಕನ್ನಡ ಸೈಟು, ಒಂದು ಯೂಟ್ಯೂಬ್ ಚಾನೆಲ್ಲು. "ಇಷ್ಟು ಮಂದಿ ಬರೆದಿದ್ದಾರೆ ಅಂದ್ರೆ ಸುಳ್ಳಿರುತ್ತಾ" ಅಂತ ಎಲ್ಲರ ಮಾತು. ನಮ್ಮ ಕಾಕಾ ಆಗಲೇ ಷೇರು ತಗೊಂಡು ಕೂತಿದ್ದಾರೆ. ನನಗೆ ಮಾತ್ರ ಅನುಮಾನ. ಇವು ನಿಜವಾಗಿ ಏಳು ವರದಿಗಳಾ, ಅಥವಾ ಒಬ್ಬರು ಬರೆದಿದ್ದನ್ನು ಉಳಿದವರು ಎತ್ತಿಕೊಂಡಿದ್ದಾರಾ? ನಮ್ಮಂಥವರು ಅದನ್ನು ಹೇಗೆ ಪತ್ತೆ ಮಾಡೋದು? ಗೊತ್ತಿದ್ದವರು ಹೇಳಿ.

ದುರ್ಗದಬೈಲ್_ಷೇರು

ಷೇರು ಮೂರು ದಿನದಿಂದ ಏರ್ತಿದೆಯಾ ಇಲ್ವಾ, ಅಷ್ಟು ನೋಡಿ ಸಾಕು. ಪೇಟೆಗೆ ಎಲ್ಲಾ ಮೊದಲೇ ಗೊತ್ತಿರುತ್ತದೆ. ನೀವು ಸೋರ್ಸ್ ಹುಡುಕಿ ಮುಗಿಸೋದರೊಳಗೆ ರೇಟ್ ಎಲ್ಲೋ ಹೋಗಿರುತ್ತದೆ. ನಿಮ್ಮ ಕಾಕಾ ಜಾಣ್ರು.

ಹಳೇ_ಡೆಸ್ಕ್

ಷೇರು ಏರಿದ್ದು ಆ ಸುದ್ದಿ ಓದಿಯೇ ಅಲ್ಲವೇನಪ್ಪಾ? ಸುದ್ದಿ ನೋಡಿ ಜನ ಕೊಂಡರು, ಕೊಂಡಿದ್ದಕ್ಕೆ ರೇಟ್ ಏರಿತು, ಈಗ ಏರಿದ ರೇಟನ್ನೇ ಸುದ್ದಿಗೆ ಸಾಕ್ಷಿ ಅಂತ ತೋರಿಸಿದರೆ ಹೇಗೆ.

ಟರ್ನರ್ ಅವರೇ, ನಾನು ಹುಬ್ಬಳ್ಳಿಯಲ್ಲೇ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ವಾಣಿಜ್ಯ ಪುಟ ಮಾಡಿದವನು. ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ, ಆಮೇಲೆ ನೀವೇ ಲಿಂಕ್‌ಗಳನ್ನು ತೆಗೆದು ನೋಡಿ.

ಇಂಥ ಸುದ್ದಿ ಸಾಮಾನ್ಯವಾಗಿ ಶುರುವಾಗೋದು ಮುಂಬೈ ಅಥವಾ ದಿಲ್ಲಿಯ ಒಬ್ಬ ವರದಿಗಾರರಿಂದ. ಅವರಿಗೆ ಒಬ್ಬರೋ ಇಬ್ಬರೋ ಹೇಳಿರುತ್ತಾರೆ. ಹೆಸರು ಹಾಕಬೇಡಿ ಅಂದಿರುತ್ತಾರೆ. ಅದು ಅವರ ಪತ್ರಿಕೆಯಲ್ಲೋ ಸುದ್ದಿ ಏಜೆನ್ಸಿಯಲ್ಲೋ ಬರುತ್ತದೆ. ಅಲ್ಲಿ ಬರವಣಿಗೆ ಎಚ್ಚರದಿಂದಲೇ ಇರುತ್ತದೆ: "ವಿಷಯ ಬಲ್ಲವರು ಹೇಳಿದ್ದಾರೆ", "ಮಾತುಕತೆ ಮುರಿದು ಬೀಳಲೂಬಹುದು", "ಕಂಪನಿ ಪ್ರತಿಕ್ರಿಯೆ ನೀಡಲಿಲ್ಲ". ಎರಡನೇ ಸೈಟಿನವರು "ಇಂಥ ಪತ್ರಿಕೆ ವರದಿ ಮಾಡಿದೆ" ಅಂತ ಹೇಳಿಯೇ ಎತ್ತಿಕೊಳ್ಳುತ್ತಾರೆ. ಮೂರನೆಯವರು ಎರಡನೆಯವರನ್ನು ನೋಡಿ ಬರೆಯುವಾಗ ಆ ಪತ್ರಿಕೆಯ ಹೆಸರು "ಮಾಧ್ಯಮ ವರದಿಗಳ ಪ್ರಕಾರ" ಅಂತಾಗುತ್ತದೆ. ನಾಲ್ಕನೆಯವರು ಅದನ್ನೂ ಬಿಡುತ್ತಾರೆ. ರಾತ್ರಿ ಎಂಟೂವರೆಗೆ ಪುಟದಲ್ಲಿ ಆರು ಇಂಚು ಜಾಗ ಇದ್ದು, ಕಾಪಿ ಹತ್ತು ಇಂಚು ಬಂದಿದ್ದರೆ ನಾವು ಕೆಳಗಿನಿಂದ ಕತ್ತರಿಸುತ್ತಿದ್ದೆವು, ಮತ್ತು ಆ "ಪ್ರತಿಕ್ರಿಯೆ ನೀಡಲಿಲ್ಲ", "ಮುರಿದು ಬೀಳಬಹುದು" ಅನ್ನೋ ಸಾಲುಗಳು ಇರುವುದೇ ಕೆಳಗೆ, ಹಾಗಾಗಿ ಮೊದಲು ಹೋಗುವುದೂ ಅವೇ. ಶೀರ್ಷಿಕೆ ಎರಡು ಕಾಲಂನಲ್ಲಿ ಕೂರಬೇಕಾದರೆ "ಸಾಧ್ಯತೆ" ಕೂಡ ಹಾರಿಹೋಗುತ್ತದೆ. ಯಾರೂ ಸುಳ್ಳು ಬರೆದಿಲ್ಲ ನೋಡಿ. ಒಬ್ಬೊಬ್ಬರು ಒಂದೊಂದು ಪದ ತೆಗೆದರು ಅಷ್ಟೇ, ಆದರೆ ಕೊನೆಗೆ ಓದುವವನಿಗೆ ಸಿಗೋದು ಮುಗಿದುಹೋದ ಡೀಲು.

ಪತ್ತೆ ಮಾಡೋದು ಹೀಗೆ. ಏಳೂ ಲಿಂಕ್ ತೆರೆಯಿರಿ. ಶೀರ್ಷಿಕೆ ಓದಬೇಡಿ. ಹಾಕಿದ ದಿನ, ಗಂಟೆ ಬರೆದುಕೊಳ್ಳಿ. ಎಲ್ಲಕ್ಕಿಂತ ಮೊದಲು ಬಂದಿದ್ದು ಯಾವುದು ಅಂತ ಗೊತ್ತಾಗುತ್ತದೆ. ಕೆಲವು ಸೈಟುಗಳು ಮೇಲೆ "ಅಪ್‌ಡೇಟ್ ಆದ ಸಮಯ" ಮಾತ್ರ ತೋರಿಸುತ್ತವೆ, ಅದನ್ನು ನಂಬಬೇಡಿ.

ಆಮೇಲೆ ಒಂದು ಕೆಲಸ ಮಾಡಿ, ಇದು ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಪ್ರತಿ ವರದಿಯಲ್ಲಿ ಹೋದ ತಿಂಗಳೂ ಗೊತ್ತಿದ್ದ ವಿಷಯವನ್ನೆಲ್ಲ ಹೊಡೆದುಹಾಕಿ. ಕಂಪನಿ ಯಾವಾಗ ಶುರುವಾಯಿತು, ಹಿಂದಿನ ತ್ರೈಮಾಸಿಕದ ಲಾಭ ಎಷ್ಟು, ಆ ಕ್ಷೇತ್ರದಲ್ಲಿ ಬೇರೆ ಯಾರಿದ್ದಾರೆ, ಷೇರು ಎಷ್ಟಕ್ಕೆ ಮುಗಿಯಿತು. ಉಳಿಯೋದು ಮೂರು ನಾಲ್ಕು ವಾಕ್ಯ. ಎಷ್ಟು ಪಾಲು, ಎಷ್ಟು ದುಡ್ಡು, ಯಾರು ಕೊಳ್ಳೋದು, ಎಲ್ಲಿಗೆ ಬಂದಿದೆ. ಈ ನಾಲ್ಕು ಏಳು ಕಡೆಯೂ ಒಂದೇ ರೀತಿ ಇದ್ದು, ಒಬ್ಬರೂ ಐದನೆಯ ಹೊಸ ಸಂಗತಿ ಹೇಳದಿದ್ದರೆ, ಬಾವಿ ಒಂದೇ, ಕೊಡ ಏಳು.

ಅಂಕಿಯನ್ನೂ ನೋಡಿ. ರೂಪಾಯಿ ಲೆಕ್ಕ ವಿಚಿತ್ರವಾಗಿ ಮುರಿದುಕೊಂಡಿದ್ದರೆ (ಎರಡು ಸಾವಿರ ಕೋಟಿ ಅನ್ನದೆ 2,074 ಕೋಟಿ ಅನ್ನೋ ಥರ) ಅದು ಹೆಚ್ಚಾಗಿ ಡಾಲರ್‌ನಿಂದ ಲೆಕ್ಕ ಹಾಕಿದ್ದು. ಒಬ್ಬರು 2,074 ಅಂತಲೂ ಇನ್ನೊಬ್ಬರು 2,090 ಅಂತಲೂ ಬರೆದಿದ್ದರೆ ಬೇರೆ ಬೇರೆ ಮೂಲ ಅಂತ ಖುಷಿಪಡಬೇಡಿ. ಒಂದೇ ಡಾಲರ್ ಮೊತ್ತವನ್ನು ಇಬ್ಬರೂ ತಮ್ಮ ತಮ್ಮ ದರದಲ್ಲಿ ಗುಣಿಸಿರುತ್ತಾರೆ. ಇನ್ನು ಎಲ್ಲರಲ್ಲೂ ಒಂದೇ ತಪ್ಪಿದ್ದರಂತೂ ಮಾತೇ ಬೇಡ. ಕಂಪನಿಯ ಹೆಸರಿನ ಸ್ಪೆಲಿಂಗ್, ಘಟಕ ಇರುವ ಊರು, ಪ್ರವರ್ತಕರ ಪಾಲಿನ ಶೇಕಡಾವಾರು, ಇಂಥ ಕಡೆ ತಪ್ಪು ಹುಡುಕಿ. ಸ್ವತಃ ವಿಚಾರಿಸಿದವರಿಗೆ ಒಂದೇ ತಪ್ಪು ಆಗುವುದಿಲ್ಲ, ನಕಲು ಮಾಡಿದವರಿಗೆ ಮಾತ್ರ ಆಗುತ್ತದೆ.

ವಾರ್ತೆಯ ಮೊದಲಲ್ಲಿ ಊರಿನ ಹೆಸರಿನ ಪಕ್ಕ ಪಿಟಿಐ ಅಂತ ಇದ್ದರೆ ಅದು ಏಜೆನ್ಸಿ ಕಾಪಿ, ಅಂದರೆ ಸುದ್ದಿ ಸಂಸ್ಥೆ ಎಲ್ಲ ಪತ್ರಿಕೆಗಳಿಗೂ ಕಳಿಸಿದ ಒಂದೇ ಬರಹ. ಹತ್ತು ಪತ್ರಿಕೆಯಲ್ಲಿ ಬಂದರೂ ಲೆಕ್ಕಕ್ಕೆ ಒಂದೇ.

ತಾರಿಹಾಳ_ಟರ್ನರ್

ಸರ್, ಬಹಳ ಉಪಕಾರ. ಇವತ್ತು ರಾತ್ರಿ ಕೂತು ಮಾಡ್ತೀನಿ. ಒಂದು ಅನುಮಾನ. ಮೊದಲ ವರದಿಯಲ್ಲೇ "ಇಬ್ಬರು ಹೇಳಿದ್ದಾರೆ" ಅಂತ ಇದೆ. ಹಾಗಾದ್ರೆ ಎರಡು ಮೂಲ ಆಯ್ತಲ್ವಾ?

ಹಳೇ_ಡೆಸ್ಕ್

ಆಗಬಹುದು, ಆಗದೆಯೂ ಇರಬಹುದು. ಆ ಇಬ್ಬರು ಯಾವ ಕಡೆಯವರು ಅನ್ನೋದು ಮುಖ್ಯ. ಮಾರುವವರ ಪರವಾಗಿ ಡೀಲ್ ಕುದುರಿಸುವ ಬ್ಯಾಂಕರ್ ಮತ್ತು ಮಾರುವವರ ವಕೀಲರು ಇಬ್ಬರೇ ಆದರೂ ಕೂತಿದ್ದು ಒಂದೇ ಕೋಣೆಯಲ್ಲಿ, ಅವರಿಬ್ಬರಿಗೂ ಬೇಕಾಗಿರೋದು ಒಂದೇ: ಒಳ್ಳೆಯ ರೇಟು. "ಇಂಥವರು ಇಷ್ಟು ಕೊಡಲು ಬಂದಿದ್ದಾರೆ" ಅಂತ ಪತ್ರಿಕೆಯಲ್ಲಿ ಬಂದರೆ ಇನ್ನೊಬ್ಬ ಕೊಳ್ಳುವವನು ಓಡಿಬರುತ್ತಾನೆ ಅನ್ನೋ ಲೆಕ್ಕ ಇರುತ್ತದೆ. ಕೊಳ್ಳುವವರ ಕಡೆಯಿಂದ ಸೋರಿದರೆ ಉದ್ದೇಶ ಬೇರೆ. ಸ್ಪರ್ಧೆಯಲ್ಲಿ ಸೋಲುತ್ತಿರುವ ಮೂರನೆಯವನು ಕೆಡಿಸಲು ಹೇಳಿದ್ದರೆ ಇನ್ನೂ ಬೇರೆ.

ಹೆಸರಿಲ್ಲದಿದ್ದರೂ ಕಡೆ ಯಾವುದು ಅಂತ ವರದಿಯಲ್ಲೇ ಸುಳಿವು ಇರುತ್ತದೆ. ವರದಿಗೆ ಏನು ಚೆನ್ನಾಗಿ ಗೊತ್ತಿದೆ, ಏನು ಗೊತ್ತಿಲ್ಲ ನೋಡಿ. ಪ್ರವರ್ತಕರು ಯಾಕೆ ಮಾರುತ್ತಿದ್ದಾರೆ, ಎಷ್ಟು ಕೇಳುತ್ತಿದ್ದಾರೆ, ಮಕ್ಕಳಿಗೆ ಆಸಕ್ತಿ ಇದೆಯಾ ಇಲ್ವಾ ಎಲ್ಲ ವಿವರವಾಗಿದ್ದು, ಕೊಳ್ಳುವವರು ದುಡ್ಡು ಎಲ್ಲಿಂದ ತರುತ್ತಾರೆ ಅನ್ನೋ ಬಗ್ಗೆ ಒಂದು ಸಾಲೂ ಇಲ್ಲ ಅಂದರೆ, ಹೇಳಿದವರು ಮಾರುವ ಕಡೆಯವರು ಅಂತ ಹೆಚ್ಚುಕಡಿಮೆ ಖಚಿತ. ಎರಡೂ ಕಡೆಯ ವಿವರ ಇದ್ದರೆ ಮಾತ್ರ ಆ "ಇಬ್ಬರು"ಗೆ ಎರಡು ಅಂಕ ಕೊಡಿ.

ಸುಮ್ನೆ ಒಂದು ಮಾತು. ನಮ್ಮ ಊರಿನವರಿಗೆ ಪತ್ರಿಕೆಯೇ ಮಾರಾಟವಾದ ಸುದ್ದಿಯನ್ನೂ ನೋಡಿ ಅಭ್ಯಾಸ ಇದೆ. 1999ರಲ್ಲಿ ವಿಜಯ ಸಂಕೇಶ್ವರರು ಶುರುಮಾಡಿದ ವಿಜಯ ಕರ್ನಾಟಕ 2006ರಲ್ಲಿ ಟೈಮ್ಸ್ ಬಳಗಕ್ಕೆ ಹೋಯಿತು. ಅಂಥ ಕಾಲದಲ್ಲಿ ಚಹಾದ ಅಂಗಡಿಯಲ್ಲಿ ಕೇಳಿಬರುವ ಮೊತ್ತಗಳು ದಿನಕ್ಕೊಂದು, ಹೇಳುವವರೆಲ್ಲ "ಒಳಗಿನವರೇ ಹೇಳಿದ್ದು" ಅನ್ನೋರೇ.

ಸಪ್ತಾಪುರದ_ಅಕ್ಕ

ನಾನು ಧಾರವಾಡದಲ್ಲಿ ಸಿಎ. ಲಿಂಕ್‌ಗಳನ್ನು ಬಗೆಯುವ ಮೊದಲು ಐದು ನಿಮಿಷ ಷೇರು ವಿನಿಮಯ ಕೇಂದ್ರದ (ಎಕ್ಸ್‌ಚೇಂಜ್), ಅಂದರೆ ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟ್‌ಗೆ ಹೋಗಿ. ಕಂಪನಿ ಹೆಸರು ಹಾಕಿ, ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್ ಅಂತ ಇರುತ್ತದೆ, ತೆರೆಯಿರಿ. ದುಡ್ಡಿಲ್ಲ, ಲಾಗಿನ್ ಇಲ್ಲ.

ಅಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎರಡನ್ನೂ ತಿಳ್ಕೊಳ್ಳಬೇಕು. ಬೋರ್ಡ್ ಸಭೆಯಲ್ಲಿ ಇಂಥ ದೊಡ್ಡ ತೀರ್ಮಾನ ಆದರೆ, ಸಭೆ ಮುಗಿದ 30 ನಿಮಿಷದೊಳಗೆ ಕಂಪನಿ ಎಕ್ಸ್‌ಚೇಂಜ್‌ಗೆ ತಿಳಿಸಬೇಕು. ಪೇಟೆ ಮುಚ್ಚಿದ ಮೇಲೆ ಸಭೆ ಮುಗಿದರೆ 3 ಗಂಟೆ ಸಮಯ ಇದೆ. ಆದರೆ ಬರೀ ಮಾತುಕತೆ ನಡೆಯುತ್ತಿದ್ದರೆ ತಾನಾಗಿಯೇ ಹೇಳಬೇಕಿಲ್ಲ. ಅಂದರೆ ಅಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಸುದ್ದಿ ಸುಳ್ಳು ಅಂತಲ್ಲ. ಹೆಚ್ಚಾಗಿ ಇನ್ನೂ ಸಹಿ ಆಗಿಲ್ಲ ಅಂತ ಅರ್ಥ.

ಇನ್ನೊಂದು. ಕೊಳ್ಳುವವರ ಪಾಲು 25% ಮುಟ್ಟುತ್ತದೆ ಅಂತಾದರೆ ಅವರು ಸಾರ್ವಜನಿಕ ಷೇರುದಾರರಿಗೂ ಕನಿಷ್ಠ 26%ಗೆ ಓಪನ್ ಆಫರ್ (ನಿಮ್ಮ ಷೇರನ್ನೂ ಕೊಳ್ಳುತ್ತೇವೆ ಅನ್ನೋ ಬಹಿರಂಗ ಪ್ರಸ್ತಾಪ) ಕೊಡಬೇಕು, ಒಪ್ಪಂದ ಆದ ದಿನವೇ ಅದರ ಪ್ರಕಟಣೆ ಬರಬೇಕು. ಹಾಗಾಗಿ "ದೊಡ್ಡ ಪಾಲಿನ ಡೀಲ್ ಒಳಗೊಳಗೇ ಆಗಿಹೋಗಿದೆ, ಹೊರಗೆ ಹೇಳಿಲ್ಲ ಅಷ್ಟೇ" ಅಂತ ಯಾರಾದರೂ ಅಂದರೆ ನಗಬಹುದು.

ಈಗ ಮುಖ್ಯವಾದ ವಿಷಯ. ನಿಮ್ಮ ಕಂಪನಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250ರಲ್ಲಿ ಇದೆಯಾ? ಇದ್ದರೆ ಷೇರು ಪೇಟೆಯ ನಿಯಂತ್ರಕ ಸೆಬಿಯ ಒಂದು ನಿಯಮ ಲಾಗೂ ಆಗುತ್ತದೆ. ಪತ್ರಿಕೆ, ಟಿವಿಯಂಥ ಮಾಧ್ಯಮದಲ್ಲಿ ನಿರ್ದಿಷ್ಟವಾದ ವದಂತಿ ಬಂದು ಷೇರು ಬೆಲೆ ಗಮನಾರ್ಹವಾಗಿ ಅಲ್ಲಾಡಿದರೆ, 24 ಗಂಟೆಯೊಳಗೆ ಕಂಪನಿ ಹೌದು, ಅಲ್ಲ ಅಥವಾ ಸ್ಪಷ್ಟನೆ ಕೊಡಬೇಕು. ಮೊದಲ 100 ಕಂಪನಿಗಳಿಗೆ 2024ರ ಜೂನ್ 1ರಿಂದ, 250ರವರೆಗೆ 2024ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಸಣ್ಣ ಕಂಪನಿ ಆದರೂ ಎಕ್ಸ್‌ಚೇಂಜ್‌ನವರೇ "ಈ ಸುದ್ದಿ ನಿಜವೇ" ಅಂತ ಪತ್ರ ಬರೆದು ಕೇಳುವುದುಂಟು, ಆ ಪ್ರಶ್ನೆ ಉತ್ತರ ಎರಡೂ ಅದೇ ಪುಟದಲ್ಲಿ ಸಿಗುತ್ತವೆ. ಒಂದು ಲಾಭ ಏನೆಂದರೆ ಆ ಪತ್ರದಲ್ಲಿ ಯಾವ ಪತ್ರಿಕೆಯ ಯಾವ ವರದಿ ಅಂತ ಹೆಸರು ಹೇಳಿ ಕೇಳಿರುತ್ತಾರೆ. ಮೂಲ ವರದಿ ಹುಡುಕುವ ನಿಮ್ಮ ಕೆಲಸ ಅಲ್ಲೇ ಅರ್ಧ ಮುಗಿಯುತ್ತದೆ.

ಕಂಪನಿಯ ಉತ್ತರವನ್ನು ನಿಧಾನಕ್ಕೆ ಓದಿ. "ಸದ್ಯಕ್ಕೆ ಬಹಿರಂಗಪಡಿಸಬೇಕಾದ ಮಾಹಿತಿ ಯಾವುದೂ ಇಲ್ಲ" ಅನ್ನೋದು ಅಲ್ಲಗಳೆದಂತಲ್ಲ. "ಇಂಥವರೊಂದಿಗೆ ಮಾತುಕತೆ ನಡೆಸುತ್ತಿಲ್ಲ" ಅನ್ನೋದು ಅಲ್ಲಗಳೆದಂತೆ. 2023ರ ಸೆಪ್ಟೆಂಬರ್‌ನಲ್ಲಿ ಟಾಟಾ ಕನ್ಸ್ಯೂಮರ್ ಹಲ್ದಿರಾಮ್‌ನ 51% ಪಾಲಿಗೆ ಮಾತುಕತೆ ನಡೆಸುತ್ತಿದೆ ಅಂತ ರಾಯಿಟರ್ಸ್ ಬರೆದಾಗ ಟಾಟಾ ಕನ್ಸ್ಯೂಮರ್ ಕೊಟ್ಟಿದ್ದು ಈ ಎರಡನೇ ಥರದ ಉತ್ತರ. ಅಷ್ಟರಲ್ಲಿ ಎಲ್ಲ ಸೈಟುಗಳಲ್ಲೂ 10 ಬಿಲಿಯನ್ ಡಾಲರ್ ಮೌಲ್ಯದ ಶೀರ್ಷಿಕೆ ಬಂದಾಗಿತ್ತು. ಎಲ್ಲದರ ಬೇರು ಆ ಒಂದೇ ವರದಿ.

ಬೆಟಗೇರಿ_ನೇಕಾರ

ಅಕ್ಕಾ, ಕಂಪನಿ ಅಲ್ಲ ಅಂದರೆ ಅಲ್ಲ ಅಂತಾನೂ ಆಗಲ್ಲ ನೋಡ್ರಿ. ಟಿವಿ ಕಂಪನಿಗಳಾದ ಜೀ ಮತ್ತು ಸೋನಿ ಒಂದಾಗಲು ಹೊರಟಿದ್ದ ಕಥೆ ನೆನಪಿದೆಯಾ? 2024ರ ಜನವರಿಯಲ್ಲಿ ಸೋನಿ ವಿಲೀನದಿಂದ ಹಿಂದೆ ಸರಿಯಲಿದೆ ಅಂತ ಬ್ಲೂಮ್‌ಬರ್ಗ್ ಬರೆಯಿತು. ಮರುದಿನವೇ ಜೀ ಎಕ್ಸ್‌ಚೇಂಜ್‌ಗೆ ಈ ವರದಿ ಆಧಾರವಿಲ್ಲದ್ದು, ತಪ್ಪು ಅಂತ ಬರೆದುಕೊಟ್ಟಿತು. ಜನವರಿ 22ಕ್ಕೆ ಸೋನಿ ಒಪ್ಪಂದ ರದ್ದು ಮಾಡಿತು. ಮುಂದಿನ ತಿಂಗಳೇ ಇಬ್ಬರೂ ಮತ್ತೆ ಮಾತಾಡುತ್ತಿದ್ದಾರೆ ಅಂತ ಇನ್ನೊಂದು ಪತ್ರಿಕೆಯಲ್ಲಿ ಬಂತು, ಷೇರು ಏರಿತು, ಜೀ ಮತ್ತೆ ಅಲ್ಲ ಅಂತು. ಈ ಸಲ ಜೀ ಹೇಳಿದ್ದೇ ಸರಿಯಾಯಿತು. ಒಂದೇ ಕಂಪನಿ, ಎರಡು ತಿಂಗಳು, ಎರಡು ನಿರಾಕರಣೆ, ಎರಡು ಥರದ ಫಲಿತಾಂಶ.

ಸರ್ಕಾರ ಏರ್ ಇಂಡಿಯಾ ಮಾರಿದಾಗಲೂ ಹಾಗೇ. 2021ರ ಅಕ್ಟೋಬರ್ 1ರಂದು ಬಿಡ್‌ನಲ್ಲಿ ಟಾಟಾ ಗೆದ್ದಿದೆ ಅಂತ ಬ್ಲೂಮ್‌ಬರ್ಗ್ ಹಾಕಿತು. ಉಳಿದವರೆಲ್ಲ ಅದನ್ನೇ ಎತ್ತಿಕೊಂಡರು. ಹೂಡಿಕೆ ಹಿಂತೆಗೆತ ಇಲಾಖೆಯ ಕಾರ್ಯದರ್ಶಿಯೇ ಟ್ವೀಟ್ ಮಾಡಿ, ಬಿಡ್‌ಗೆ ಒಪ್ಪಿಗೆ ಕೊಟ್ಟಿದ್ದಾರೆ ಅನ್ನೋ ವರದಿಗಳು ಸರಿಯಲ್ಲ ಅಂದರು. ಅಕ್ಟೋಬರ್ 8ಕ್ಕೆ ಸರ್ಕಾರವೇ ಪ್ರಕಟಿಸಿತು: ಟಾಟಾ, 18,000 ಕೋಟಿ. ಆ ಏಳು ದಿನ ಮೂಲ ಒಂದೇ ಅಂತ ಸುದ್ದಿಯನ್ನು ತಳ್ಳಿಹಾಕಿದವರೂ ಇದ್ದರು.

ಹಾಗಾಗಿ ಎಲ್ಲ ಒಂದೇ ಮೂಲದಿಂದ ಬಂದಿದೆ ಅಂತ ಕಂಡುಹಿಡಿದರೆ ಸುಳ್ಳು ಅಂತ ಸಾಬೀತು ಮಾಡಿದ ಹಾಗಲ್ಲ. ನಿಮ್ಮ ಹತ್ತಿರ ಏಳು ಸಾಕ್ಷಿ ಇಲ್ಲ, ಒಂದೇ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಆ ಒಬ್ಬ ವರದಿಗಾರರು ಹಿಂದೆ ಬರೆದ ಇಂಥ ಸುದ್ದಿಗಳು ಎಷ್ಟು ನಿಜವಾದವು ಅಂತ ನೋಡಿ. ಹೆಸರಿನ ಮೇಲೆ ಒತ್ತಿದರೆ ಹಳೇ ಬರಹಗಳೆಲ್ಲ ಬರುತ್ತವೆ, ಹತ್ತು ನಿಮಿಷದ ಕೆಲಸ.

ಸಪ್ತಾಪುರದ_ಅಕ್ಕ

ಒಪ್ಪಿದೆ. ಆದರೆ ಅಲ್ಲೊಂದು ವ್ಯತ್ಯಾಸ ಇದೆ ತಮ್ಮಾ. ಏರ್ ಇಂಡಿಯಾದಲ್ಲಿ ಇಲಾಖೆ ಹೇಳಿದ್ದು ಒಪ್ಪಿಗೆ ಕೊಟ್ಟಿದ್ದೇವೆ ಅನ್ನೋದು ಸರಿಯಲ್ಲ ಅಂತ. ಟಾಟಾದವರ ಬಿಡ್ ಮೇಲಿಲ್ಲ ಅಂತ ಹೇಳಲಿಲ್ಲ. ಯಾವ ಪದವನ್ನು ಅಲ್ಲಗಳೆದಿದ್ದಾರೆ, ಯಾವುದನ್ನು ಮುಟ್ಟಿಲ್ಲ ಅಂತ ಓದಿ ಅಂದಿದ್ದು ಅದಕ್ಕೇ.

ಬಿಸ್ಲೇರಿಯಲ್ಲಿ ಇನ್ನೊಂದು ಪಾಠ. 2022ರ ನವೆಂಬರ್‌ನಲ್ಲಿ ಬಂದ ಸುದ್ದಿಯಲ್ಲಿ ಮಾತಾಡಿದ್ದು ಯಾವುದೋ ಹೆಸರಿಲ್ಲದ ವ್ಯಕ್ತಿ ಅಲ್ಲ, ಮಾಲೀಕರಾದ ರಮೇಶ್ ಚೌಹಾಣ್ ಅವರೇ. ಟಾಟಾ ಕನ್ಸ್ಯೂಮರ್‌ಗೆ ಮಾರುವ ಮಾತು, ಏಳು ಸಾವಿರ ಕೋಟಿವರೆಗೆ ಅಂತ ಮೊತ್ತ ಬೇರೆ. ಆಮೇಲೆ ಅವರೇ ಪಿಟಿಐಗೆ ಇನ್ನೂ ಅಂತಿಮ ಆಗಿಲ್ಲ ಅಂದರು. 2023ರ ಮಾರ್ಚ್‌ನಲ್ಲಿ ಟಾಟಾ ಕನ್ಸ್ಯೂಮರ್ ಮಾತುಕತೆ ನಿಲ್ಲಿಸಿದ್ದೇವೆ ಅಂತ ಎಕ್ಸ್‌ಚೇಂಜ್‌ಗೆ ತಿಳಿಸಿತು. ಹೆಸರಿದ್ದ ಮೂಲ, ವಿಷಯ ಗೊತ್ತಿದ್ದ ಮೂಲ, ಅಷ್ಟಾದರೂ ಡೀಲ್ ಆಗಲಿಲ್ಲ. ಸುದ್ದಿ ಬರೆದಾಗ ಸುಳ್ಳಾಗಿರಲಿಲ್ಲ, ವ್ಯವಹಾರವೇ ಮುಂದೆ ಹೋಗಲಿಲ್ಲ.

ಇದಕ್ಕೆ ಎದುರು ನಮ್ಮ ಧಾರವಾಡದ್ದೇ ಒಂದು ಉದಾಹರಣೆ ಇದೆ. ಬಸ್ ಕಟ್ಟುವ ಟಾಟಾ ಮಾರ್ಕೊಪೊಲೊದಲ್ಲಿ ಬ್ರೆಜಿಲ್‌ನ ಮಾರ್ಕೊಪೊಲೊದ 49% ಪಾಲನ್ನು ಟಾಟಾ ಮೋಟಾರ್ಸ್ ಕೊಂಡಿದ್ದು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು, 99.96 ಕೋಟಿ. ಅದೂ ಎಲ್ಲ ಪತ್ರಿಕೆಯಲ್ಲಿ ಒಂದೇ ಥರ ಬಂತು, ಒಂದೇ ಮೂಲದಿಂದ. ಆದರೆ ಆ ಮೂಲ ಕಂಪನಿಯೇ ಎಕ್ಸ್‌ಚೇಂಜ್‌ಗೆ ಕೊಟ್ಟ ಕಾಗದ. ಬೆಲೆ ಲಕ್ಷದ ಲೆಕ್ಕದವರೆಗೆ ಇತ್ತು, ಯಾರು ಯಾರಿಗೆ ಎಷ್ಟು ಕೊಡುತ್ತಾರೆ ಅಂತ ಕಂಪನಿಯೇ ಬರೆದುಕೊಟ್ಟಿತ್ತು. ಇಂಥದ್ದಕ್ಕೆ ಎರಡನೇ ಮೂಲ ಹುಡುಕಿ ಏನು ಮಾಡ್ತೀರಿ? ಒಂದೇ ಮೂಲ ಅನ್ನೋದಕ್ಕಿಂತ, ಆ ಮೂಲ ತಪ್ಪು ಹೇಳಿದರೆ ಅದಕ್ಕೆ ಶಿಕ್ಷೆ ಇದೆಯಾ ಇಲ್ವಾ ಅನ್ನೋದನ್ನು ನಾನು ಜಾಸ್ತಿ ನೋಡುತ್ತೇನೆ.

ದುರ್ಗದಬೈಲ್_ಷೇರು

ಅಷ್ಟೆಲ್ಲ ಕಾಯ್ತಾ ಕೂತರೆ ಟ್ರೇಡಿಂಗ್ ಮಾಡೋದು ಯಾವಾಗ್ರಿ. ನಿಮ್ಮದೆಲ್ಲ ಪುಸ್ತಕದ ಲೆಕ್ಕ.

ಬೆಟಗೇರಿ_ನೇಕಾರ

ಅವರು ಟ್ರೇಡಿಂಗ್ ಮಾಡ್ತೀನಿ ಅಂದ್ರಾ ಅಣ್ಣಾ? ಮೆಷಿನ್ ತಗೊಳ್ಳಲಾ ಅಂತ ಕೇಳ್ತಿದ್ದಾರೆ. ನಿಮಗೆ ಸಂಜೆ ಮಾರಿ ಕೈತೊಳೆದುಕೊಳ್ಳಬಹುದು, ಅವರಿಗೆ ಐದು ವರ್ಷದ ಕಂತು.

ತಾರಿಹಾಳ_ಟರ್ನರ್

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಕೂತು ನೋಡಿದೆ. ಸಿಕ್ಕಿದ್ದು ಹೀಗಿದೆ.

ಮೊದಲು ಬಂದಿದ್ದು ಒಂದು ಇಂಗ್ಲಿಷ್ ವಾಣಿಜ್ಯ ಪತ್ರಿಕೆಯ ಸೈಟಿನಲ್ಲಿ, ಬೆಳಿಗ್ಗೆ. ನಾಲ್ಕು ಲಿಂಕ್‌ಗಳು ಅದೇ ಪತ್ರಿಕೆಯ ಹೆಸರು ಹೇಳಿಯೇ ಬರೆದಿವೆ, ಅದರಲ್ಲಿ ಒಂದು ಕೊನೆಯ ಪ್ಯಾರಾದಲ್ಲಿ, ಕಣ್ಣಿಗೆ ಬೀಳದ ಹಾಗೆ. ಯೂಟ್ಯೂಬ್‌ನವರು ಯಾರ ಹೆಸರೂ ಹೇಳಲಿಲ್ಲ, "ನಮಗೆ ಸಿಕ್ಕ ಮಾಹಿತಿ ಪ್ರಕಾರ" ಅಂದರು, ಆದರೆ ಪಾಲು, ಮೊತ್ತ ಎಲ್ಲಾ ಅದೇ. ಮೊದಲ ವರದಿಯಲ್ಲಿ ಪ್ರವರ್ತಕರ ಪಾಲಿನ ಶೇಕಡಾವಾರು ಹಳೆಯದು ಹಾಕಿದ್ದಾರೆ, ಕಂಪನಿಯ ಈಗಿನ ಷೇರು ಹಂಚಿಕೆಯ ಪಟ್ಟಿಯಲ್ಲಿ ಬೇರೆ ಇದೆ. ಅದೇ ಹಳೇ ಅಂಕಿ ಯೂಟ್ಯೂಬ್‌ನಲ್ಲೂ ಇದೆ! ಡೆಸ್ಕ್ ಸರ್ ಹೇಳಿದ ಹಾಗೇ ಆಯ್ತು.

ಒಂದು ವರದಿ ಮಾತ್ರ ಬೇರೆ. ಅದು ಎರಡು ದಿನ ಬಿಟ್ಟು ಬಂದಿದ್ದು, ಇನ್ನೊಂದು ಪತ್ರಿಕೆಯಲ್ಲಿ. ಅದರಲ್ಲಿ ಮೊತ್ತವೇ ಇಲ್ಲ. ಪಾಲು ಮಾರುವ ಬಗ್ಗೆ ಕುಟುಂಬದಲ್ಲಿ ಒಮ್ಮತ ಇಲ್ಲ, ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ ಅಂತ ಬ್ಯಾಂಕಿನ ಕಡೆಯ ಒಬ್ಬರು ಹೇಳಿದ್ದಾಗಿ ಇದೆ. ಮಾತುಕತೆ ನಡೆದಿದೆ ಅನ್ನೋದನ್ನು ಇದೂ ಹೇಳುತ್ತದೆ, ಕೊನೆ ಹಂತ ಅಂತ ಹೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಇದನ್ನು ಹಾಕಿದವರು ಶೀರ್ಷಿಕೆ ನೋಡಿ ಹಾಕಿದ್ದಾರೆ ಅನಿಸುತ್ತದೆ, ಯಾರೂ ಓದಿದ ಹಾಗಿಲ್ಲ.

ಎಕ್ಸ್‌ಚೇಂಜ್ ಪುಟದಲ್ಲಿ ಕಂಪನಿಯ ಪತ್ರ ಇದೆ. ಪ್ರವರ್ತಕರು ಕಾಲಕಾಲಕ್ಕೆ ಬೇರೆ ಬೇರೆ ಅವಕಾಶ ನೋಡುತ್ತಿರುತ್ತಾರೆ, ಸದ್ಯ ತಿಳಿಸಬೇಕಾದ್ದು ಏನೂ ಇಲ್ಲ ಅಂತ. ಅಕ್ಕ ಹೇಳಿದ ಮೊದಲನೇ ಥರದ್ದು.

ಕೊನೆಗೆ, ಉತ್ಪಾದನೆ ದುಪ್ಪಟ್ಟು ಅನ್ನೋದು ಈ ಏಳರಲ್ಲಿ ಎಲ್ಲೂ ಇಲ್ಲ. ಒಂದರಲ್ಲೂ ಇಲ್ಲ. ಗುಂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿದರೆ, ಮೊದಲ ಲಿಂಕ್ ಹಾಕಿದವರು ಅದರ ಕೆಳಗೆ ಇನ್ನು ನಮಗೆಲ್ಲ ಡಬಲ್ ಕೆಲಸ ಅಂತ ಬರೆದಿದ್ದಾರೆ. ಅಲ್ಲಿಂದ ಶುರು.

ಹಳೇ_ಡೆಸ್ಕ್

ಭೇಷ್! ನಮ್ಮ ಡೆಸ್ಕ್‌ಗೆ ನಿಮ್ಮಂಥವರು ಬೇಕಿತ್ತು.

ನೋಡಿ, ಈಗ ಚಿತ್ರ ಬೇರೆಯಾಯಿತು. ಮಾತುಕತೆ ಇದೆ ಅನ್ನೋದಕ್ಕೆ ಎರಡು ಬೇರೆ ಬೇರೆ ಕಡೆಯ ಮೂಲ ಸಿಕ್ಕಿತು. ಸಾಲ ಕೊಟ್ಟ ಬ್ಯಾಂಕಿನವರಿಗೆ ರೇಟ್ ಏರಿಸುವ ಆಸೆ ಇರುವುದಿಲ್ಲ, ಹಾಗಾಗಿ ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಕಂಪನಿಯೂ ಅಲ್ಲ ಅಂದಿಲ್ಲ. ಮೊತ್ತ ಮತ್ತು ಕೊನೆ ಹಂತ, ಈ ಎರಡಕ್ಕೆ ಮೂಲ ಒಂದೇ. ನಿಮ್ಮ ಮೆಷಿನ್‌ಗೆ ಬೇಕಾದ ಸಂಗತಿಗೆ ಮೂಲವೇ ಇಲ್ಲ. ಒಂದೇ ಸುದ್ದಿಯಲ್ಲಿ ಒಂದೊಂದು ಮಾತಿಗೂ ಬೇರೆ ಬೇರೆ ತೂಕ ಇರುತ್ತದೆ, ಅದಕ್ಕೇ ಇಡೀ ವರದಿ ನಿಜವಾ ಸುಳ್ಳಾ ಅಂತ ಕೇಳಿದರೆ ಉತ್ತರ ಸಿಗೋದಿಲ್ಲ.

ಕೊಳ್ಳುವವರು ಬಂದ ಮೇಲೆ ಕೆಲಸ ಜಾಸ್ತಿ ಆಗಲೇಬೇಕು ಅಂತಲೂ ಇಲ್ಲ. ಹೊಸಬರಿಗೆ ತಮ್ಮದೇ ವೆಂಡರ್‌ಗಳು ಇರಬಹುದು. ಆಗ ಈಗಿರುವ ಆರ್ಡರೂ ಹೋಗಬಹುದು.

ಸಪ್ತಾಪುರದ_ಅಕ್ಕ

ಮೆಷಿನ್ ವಿಷಯಕ್ಕೆ ಪತ್ರಿಕೆ ಓದೋದು ಬಿಟ್ಟು ಕಂಪನಿಯ ಪರ್ಚೇಸ್ ವಿಭಾಗದವರಿಂದ ಮುಂದಿನ ಆರು ತಿಂಗಳ ಆರ್ಡರ್ ಶೆಡ್ಯೂಲ್ ಬರವಣಿಗೆಯಲ್ಲಿ ಕೇಳಿ. ವೆಂಡರ್ ಆಗಿ ಅದನ್ನು ಕೇಳುವ ಹಕ್ಕು ನಿಮಗಿದೆ. ಅದರಲ್ಲಿ ಕೆಲಸ ಇದ್ದರೆ ಯಾರು ಮಾಲೀಕರಾದರೂ ಮೆಷಿನ್ ತಗೊಳ್ಳಿ. ಕೊಟೇಶನ್ ಅವಧಿ ಮುಗಿಯುತ್ತಿದ್ದರೆ ಒಂದು ತಿಂಗಳು ಮುಂದೆ ಹಾಕಿಸಿಕೊಳ್ಳಿ, ಡೀಲರ್‌ಗಳು ಸಾಮಾನ್ಯವಾಗಿ ಒಪ್ಪುತ್ತಾರೆ.

ಒಂದು ಎಚ್ಚರಿಕೆ. ಹಾಗೆ ಕೇಳುವಾಗ ಅಲ್ಲಿ ಯಾರಾದರೂ ಡೀಲ್ ಬಗ್ಗೆ ಒಳಗಿನ ಮಾತು ಬಾಯಿಬಿಟ್ಟರೆ, ಅದನ್ನು ಇಟ್ಟುಕೊಂಡು ನೀವಾಗಲಿ ಕಾಕಾ ಆಗಲಿ ಷೇರು ಕೊಳ್ಳಬೇಡಿ, ಮಾರಬೇಡಿ, ಗುಂಪಿನಲ್ಲಂತೂ ಹಾಕಲೇಬೇಡಿ. ಪ್ರಕಟವಾಗದ, ಬೆಲೆ ಅಲ್ಲಾಡಿಸುವಂಥ ಮಾಹಿತಿ ಅದು. ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮ ಕಂಪನಿಯ ನೌಕರರಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಂಥ ಮಾಹಿತಿ ಕೈಯಲ್ಲಿ ಇರುವ ಯಾರಿಗಾದರೂ ಲಾಗೂ ಆಗುತ್ತದೆ.

ದುರ್ಗದಬೈಲ್_ಷೇರು

ನಾನು ನಿನ್ನೆಯೇ ಮಾರಿ ಹೊರಗೆ ಬಂದೆ, ಹೇಳೋದು ಮರೆತಿದ್ದೆ. ಕಾಕಾಗೂ ಹೇಳಿಬಿಡಿ.

ಬೆಟಗೇರಿ_ನೇಕಾರ

ನಿನ್ನೆ ಬೆಳಿಗ್ಗೆ ಪೇಟೆಗೆ ಎಲ್ಲಾ ಗೊತ್ತು ಅಂದವರು ಇವರೇ ಅಲ್ವಾ? 😄

ತಾರಿಹಾಳ_ಟರ್ನರ್

ಶೆಡ್ಯೂಲ್‌ಗೆ ಇವತ್ತೇ ಮೇಲ್ ಹಾಕಿದೆ ಅಕ್ಕಾ. ಕೊಟೇಶನ್ ಮುಂದೆ ಹಾಕಲು ಡೀಲರ್ ಒಪ್ಪಿದರು, ರೇಟ್ ಬದಲಾದರೆ ಬದಲಾಗಬಹುದು ಅಂದಿದ್ದಾರೆ, ಇರಲಿ. ಕಾಕಾಗೆ ಬ್ಯಾಂಕಿನವರು ಹೇಳಿದ ವರದಿ ತೋರಿಸಿದೆ. "ಒಬ್ಬರೇ ತಾನೆ ಹೀಗೆ ಬರೆದಿರೋದು, ಆರು ಮಂದಿ ಹಾಗೆ ಬರೆದಿದ್ದಾರೆ" ಅಂತಾರೆ.

ಸುಮ್ನೆ_ಓದುಗ

ಹಾವೇರಿಯಿಂದ. ಇಷ್ಟು ದಿನ ಓದ್ತಾ ಇದ್ದೆ, ಬರೆದಿರಲಿಲ್ಲ. ನಮ್ಮ ಕಡೆ ಒಂದು ಬೀಜ ಕಂಪನಿ ಮಾರಾಟ ಆಗುತ್ತದೆ ಅಂತ ಸುದ್ದಿ ಇದೆ. ಅದು ಷೇರು ಪೇಟೆಯಲ್ಲಿ ಇಲ್ಲ, ಪ್ರೈವೇಟ್ ಲಿಮಿಟೆಡ್. ಅಲ್ಲಿ ಎಕ್ಸ್‌ಚೇಂಜ್ ಪುಟವೇ ಇರಲ್ಲ. ಆಗ ಏನು ನೋಡೋದು ಅಕ್ಕಾವ್ರೆ?

ಸಪ್ತಾಪುರದ_ಅಕ್ಕ

ಅಲ್ಲಿ ಕಷ್ಟ ಜಾಸ್ತಿ. ಕೊಳ್ಳುವವರು ಲಿಸ್ಟ್ ಆದ ಕಂಪನಿಯಾ ಅಂತ ಮೊದಲು ನೋಡಿ. ಆಗಿದ್ದು, ವ್ಯವಹಾರ ಅವರ ಮಟ್ಟಿಗೆ ದೊಡ್ಡದಾದರೆ, ಅವರ ಎಕ್ಸ್‌ಚೇಂಜ್ ಪುಟದಲ್ಲಿ ಬರುತ್ತದೆ. ದೊಡ್ಡ ಮೊತ್ತದ ವ್ಯವಹಾರ ಆದರೆ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕಾಗಬಹುದು, ಅವರ ವೆಬ್‌ಸೈಟ್‌ನಲ್ಲಿ ಬಂದ ಅರ್ಜಿಗಳ ಸಾರಾಂಶ ಹಾಕುತ್ತಾರೆ. ಎರಡೂ ಇಲ್ಲದಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್. ಕಂಪನಿ ಹೆಸರು ಹುಡುಕಿ, ನೂರು ರೂಪಾಯಿ ಕಟ್ಟಿದರೆ ಸಲ್ಲಿಸಿದ ದಾಖಲೆ ನೋಡಬಹುದು. ನಿರ್ದೇಶಕರು ಬದಲಾಗಿದ್ದಾರಾ, ಹೊಸ ಷೇರು ಯಾರಿಗಾದರೂ ಕೊಟ್ಟಿದ್ದಾರಾ ಅಂತ ಸಿಗುತ್ತದೆ. ಆದರೆ ಇರುವ ಷೇರನ್ನೇ ಒಬ್ಬರಿಂದ ಒಬ್ಬರು ಕೊಂಡಿದ್ದರೆ ಅದು ವಾರ್ಷಿಕ ರಿಟರ್ನ್ ಹಾಕುವವರೆಗೆ ಕಾಣಿಸುವುದಿಲ್ಲ, ಅಲ್ಲಿಯವರೆಗೆ ಡೆಸ್ಕ್ ಸರ್ ಹೇಳಿದ ದಾರಿಯೇ. ಲಿಂಕ್‌ಗಳಿದ್ದರೆ ಇಲ್ಲಿ ಹಾಕಿ, ನೋಡೋಣ.